ನಲ್ಲಿ ಟೀಚರಮ್ಮ

ಶಿಶುವಿಹಾರ ಮುಚ್ಚಿಹೋದ ಮೇಲೆ, ಐವತ್ತರ ಹೊಸ್ತಿಲಲ್ಲಿ ಕೊಳಾಯಿ ರಿಪೇರಿ ಕಲಿತ ನಮ್ಮ ಬೀದಿಯ ಟೀಚರಮ್ಮನಿಗೆ ಸೋರುವ ನಲ್ಲಿ ಕಂಡರೆ ಸೀದಾ ರೆಂಚು ಹಾಕಿ ಗೊತ್ತಿಲ್ಲ, ಮೊದಲು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಯಾಕೋ ಪುಟ್ಟಾ ಅಳ್ತಿದೀಯ? ಯಾರೇನಂದ್ರು?" ಎಂದು ವಿಚಾರಿಸಿ, ಮೂಗು ಒರೆಸುವ ಹಾಗೆ ಅದರ ಬಾಯಿ ಒರೆಸಿ, ಆಮೇಲೆ ವಾಷರ್ ಬದಲಾಯಿಸುವುದು. ಅವರು ಗೇಟು ತೆಗೆದ ಸದ್ದಿಗೇ ಅರ್ಧ ಬೀದಿಯ ನಲ್ಲಿಗಳು ಗಪ್‌ಚಿಪ್ಪಾಗುತ್ತವೆ, ಮಹಡಿ ಮೇಲಿನ ಟ್ಯಾಂಕು ಕೈಕಟ್ಟಿ ಕೂರುತ್ತದೆ. ನಂಬದವರು ಬೇಕಾದರೆ ಟ್ಯಾಂಕನ್ನೇ ಕೇಳಿಕೊಳ್ಳಲಿ. ಬಾಗಿಲು ತೆರೆದವರು ಅವರ ಬೆನ್ನ ಹಿಂದೆ ಇಣುಕಿ "ಪ್ಲಂಬರ್ ಎಲ್ಲಮ್ಮಾ?" ಎಂದರೆ, "ಬಂದಾಯ್ತು, ನೀವು ದಾರಿ ಬಿಡಿ" ಎನ್ನುತ್ತಾರೆ. ಕೆಲಸದ ಮಧ್ಯೆ ಸಲಹೆ ಕೊಡಹೋದ ಯಜಮಾನರೊಬ್ಬರು "ಮೊದಲು ಕೈ ಎತ್ತಿ, ಆಮೇಲೆ ಮಾತಾಡಿ" ಎನ್ನಿಸಿಕೊಂಡು, ಇವತ್ತಿಗೂ ಹೆಂಡತಿಯ ಮುಂದೆ ಕೈಯೆತ್ತಿಯೇ ಬಾಯಿ ತೆರೆಯುತ್ತಾರಂತೆ. ಇಷ್ಟು ಜೋರಿನ ಹೆಂಗಸು ತಣ್ಣಗಾಗುತ್ತಿದ್ದುದು ಮಗಳ ವಿಷಯದಲ್ಲಿ ಮಾತ್ರ. ಮಗಳು ಆಫೀಸಿನಲ್ಲಿ ಇನ್ನೂ "ನಮ್ಮಮ್ಮ ಟೀಚರ್" ಎಂದೇ ಹೇಳಿಕೊಂಡಿದ್ದಳು. ಮೊನ್ನೆ ಅದೇ ಆಫೀಸಿನ ಪೈಪು ಒಡೆದು ಇವರಿಗೇ ಕರೆ ಬಂತು. ಟೀಚರಮ್ಮ ಮಗಳ ಮೇಜನ್ನು ಗುರುತೇ ಇಲ್ಲದವರಂತೆ ದಾಟಿ ಹೋಗಿ, ಸಿಂಕಿನ ಕೆಳಗೆ ತಲೆ ತೂರಿಸಿದರು. ಪೈಪನ್ನು ಮಾತಾಡಿಸಲೂ ಇಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಒದ್ದೆ ನೆಲಕ್ಕೇ ಮಂಡಿಯೂರಿದರು. "ಅಮ್ಮಾ, ಟಾರ್ಚ್ ಹಿಡೀಲಾ?" ಎಂದು ಮಗಳು ಇಡೀ ಆಫೀಸಿಗೆ ಕೇಳಿಸುವಂತೆ ಕೇಳಿದಳು. "ಇನ್ನೂ ಹತ್ತಿರ ಬಾರೇ, ಏನೂ ಕಾಣಿಸ್ತಿಲ್ಲ" ಎಂದರು ಟೀಚರಮ್ಮ, ಬೆಳಕೇನೋ ಬೇಕಾದಷ್ಟಿತ್ತು.