ದೋಷವಿಲ್ಲದ ಸ್ಟಾರ್ಟರ್

ಹಳೆಯ ಡೀಸೆಲ್ ಕಾರಿನ ಕಾಯಿಲೆಗೆ ಹೆಸರಿಡುವವರು ಎಲ್ಲಿ ಬೇಕಾದರೂ ಸಿಗುತ್ತಾರೆ. ಹೆಸರಿಡುವ ಮುನ್ನ ಪರೀಕ್ಷಿಸುವವರು ಅಪರೂಪ. ವಾಹನ ದುರಸ್ತಿ ತರಬೇತಿ ಕೇಂದ್ರದ ವಿದ್ಯುತ್ ವಿಭಾಗವನ್ನು ಮೂವತ್ತೊಂದು ವರ್ಷ ಮುನ್ನಡೆಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಮೇಷ್ಟ್ರು ಆ ಅಪರೂಪದವರಲ್ಲಿ ಒಬ್ಬರು. ಶಿಷ್ಯರು ಬೆನ್ನ ಹಿಂದೆ ಅವರಿಗಿಟ್ಟ ಹೆಸರು ನಿಧಾನಪ್ಪ. ಒಮ್ಮೆ ಹಾಜರಿ ಕರೆಯುವಾಗ ಆ ಹೆಸರನ್ನು ತಾವೇ ಕೂಗಿ, ತಾವೇ "ಹಾಜರ್" ಎಂದು, ಹಿಂದಿನ ಬೆಂಚಿನವರ ಮುಖ ನೋಡಿ ನಕ್ಕವರು ಅವರು.

ಆದರೆ ಈ ನಿಧಾನ ಹುಟ್ಟಿನಿಂದ ಬಂದದ್ದಲ್ಲ. ಮೊದಲ ವರ್ಷಗಳಲ್ಲಿ ಕಾರು ಒಳಗೆ ಬರುವ ಮೊದಲೇ ಅವರ ತೀರ್ಪು ಹೊರಗೆ ಬಿದ್ದಿರುತ್ತಿತ್ತು. ಸೇವೆಯ ಹನ್ನೆರಡನೆಯ ವರ್ಷ ಹೆರಿಗೆ ದಾದಿಯೊಬ್ಬರು ತಮ್ಮ ಹಳೆಯ ಡೀಸೆಲ್ ಕಾರನ್ನು ತಳ್ಳಿಸಿಕೊಂಡು ಬಂದರು. ಚಾವಿ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು, ಎಂಜಿನ್ ಮಿಸುಕದು.

"ಚಾವಿ ಹಿಡ್ಕೊಂಡೇ ಇರ್ತೀರಲ್ಲಕ್ಕಾ, ಸ್ಟಾರ್ಟರ್ ಸುಟ್ಟುಹಾಕಿದ್ದೀರಿ!" ಎಂದು ಮೇಷ್ಟ್ರು ಎಲ್ಲರೆದುರು ಗದರಿ, ಎಂಜಿನ್ ಎಬ್ಬಿಸುವ ಆ ಮೋಟಾರನ್ನು ಕಿತ್ತು, ಬೇರೊಂದು ಸ್ಟಾರ್ಟರ್ ಕೂರಿಸಿ ಕಳಿಸಿದರು. ಬಿಚ್ಚಿ ಕಟ್ಟುವಾಗ ತಂತಿಗಳು ಅಲುಗಾಡಿದ್ದರಿಂದ ನಾಲ್ಕು ದಿನ ಎಲ್ಲವೂ ಸುಸೂತ್ರವಾಗಿತ್ತು. ಐದನೆಯ ದಿನ ಹೆರಿಗೆಗೆ ಕರೆ ಬಂದಾಗ ಕಾರು ಮತ್ತೆ ಮೊಂಡು ಹಿಡಿಯಿತು. ದಾದಿ ಚೀಲ ಹೊತ್ತು ಬಿಸಿಲಿನಲ್ಲಿ ನಡೆದು ತಲುಪುವಷ್ಟರಲ್ಲಿ ಕೂಸು ಪಕ್ಕದ ಮನೆಯಾಕೆಯ ಮಡಿಲಲ್ಲಿತ್ತು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಕ್ಷೇಮ.

ಕಾರು ಮತ್ತೆ ಕಾರ್ಯಾಗಾರಕ್ಕೆ ಬಂತು. ಈ ಸಲ ಮೇಷ್ಟ್ರು ಚಾವಿ ತಿರುಗಿಸಲು ಹೇಳಿ, ಒಂದೊಂದೇ ತಂತಿಯ ತುದಿ ಮುಟ್ಟಿ ನೋಡಿದರು. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ದಪ್ಪ ಅರ್ತ್ ತಂತಿಯ ತುದಿ ಕೈ ಸುಡುವಂತಿತ್ತು. ಹೊದಿಕೆ ಸೀಳಿದರೆ ಒಳಗೆಲ್ಲ ವಿದ್ಯುತ್ತನ್ನು ತಡೆಯುವ ಹಸಿರು ಕಿಲುಬು. ಮೊದಲು ಕಿತ್ತ ಸ್ಟಾರ್ಟರನ್ನು ಮೇಜಿನ ಮೇಲೆ ಬ್ಯಾಟರಿಗೆ ಜೋಡಿಸಿದರೆ ಅದು ಹಾಯಾಗಿ ತಿರುಗಿತು. ಅವರು ತಂತಿ ಬದಲಿಸಿದರು, ಬಾಯಿ ಮಾತ್ರ ಬಿಡಲಿಲ್ಲ. ತಪ್ಪು ತಮ್ಮ ಕೈಯದೇ ಎಂದುಕೊಂಡು ದಾದಿ ಹೊರಟುಹೋದರು.

ಅಂದಿನಿಂದ ಆ ಸ್ಟಾರ್ಟರ್ ಅವರ ಮೇಜು ಬಿಟ್ಟು ಕದಲಲಿಲ್ಲ. ಪ್ರತಿ ತಂಡದ ಕೊನೆಯ ಪರೀಕ್ಷೆ ಅದೇ: ಇದರ ದೋಷ ಹುಡುಕಿ. ಇಂದು ಕಾರ್ಯಾಗಾರದ ಹೊಣೆ ಹೊತ್ತಿರುವ ಶಿಷ್ಯೆ ಎರಡು ದಿನ ತಿಣುಕಾಡಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಸರ್, ನಂಗೇನೂ ಸಿಗ್ತಿಲ್ಲ," ಎಂದಾಗ, "ಇಲ್ಲದ್ದು ಸಿಗೋದು ಹೇಗಮ್ಮ?" ಎಂದು ಚಹಾ ತರಿಸಿಕೊಟ್ಟು ಪಾಸು ಮಾಡಿದರು. ಆದರೆ ಆ ಸ್ಟಾರ್ಟರಿನ ಕಥೆಯನ್ನು ಹೇಳಬೇಕಾಗಿದ್ದ ದಾದಿಗೆ ಮಾತ್ರ ಹತ್ತೊಂಬತ್ತು ವರ್ಷ ಹೇಳಲಾಗಲಿಲ್ಲ. ನಿವೃತ್ತಿಯ ದಿನ ಹತ್ತಿರವಾದಂತೆ ಅವರಿಗೆ ಊಟ ಸೇರದಾಯಿತು.

ಹೋದ ತಿಂಗಳು ಆ ದಾದಿ ಅದೇ ಕಾರಿನೊಂದಿಗೆ ಬಂದರು, ತಲೆ ಪೂರ್ತಿ ನರೆತಿತ್ತು. "ಮತ್ತೆ ಸುಟ್ಟುಹಾಕಿದೆ ಅನ್ಸುತ್ತಪ್ಪಾ," ಎಂದು ತಾವೇ ತಪ್ಪೊಪ್ಪಿಕೊಂಡರು. ಮೇಷ್ಟ್ರು ಬ್ಯಾಟರಿ ನೋಡಿದರು, ತಂತಿಗಳನ್ನು ಮುಟ್ಟಿದರು, ಅರ್ತ್ ನೋಡಿದರು. ಎಲ್ಲವೂ ಸರಿ, ಈ ಸಲ ನಿಜಕ್ಕೂ ಸ್ಟಾರ್ಟರೇ ಸವೆದಿತ್ತು. ಅವರು ಮೇಜಿನ ಮೇಲಿದ್ದುದನ್ನು ತಂದು ಕೂರಿಸಿ, ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತರು.

"ಅಕ್ಕಾ, ಇದು ನಿಮ್ಮದೇ. ಅವತ್ತು ಇದಕ್ಕೇನೂ ಆಗಿರ್ಲಿಲ್ಲ. ನೀವೇನೂ ಸುಡ್ಲಿಲ್ಲ. ನೋಡ್ದೆ ಬೈದವನು ನಾನು."

"ಇಷ್ಟು ವರ್ಷ ಚಾವಿ ಮುಟ್ಟೋವಾಗೆಲ್ಲ ಮತ್ತೆ ಸುಟ್ಟುಬಿಡ್ತೀನೇನೋ ಅನ್ನಿಸ್ತಿತ್ತಲ್ಲೋ ಮಾರಾಯಾ," ಎಂದು ಆಕೆ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಸೀಟಿನಲ್ಲಿ ಕೂತು ಚಾವಿ ತಿರುಗಿಸಿದರು. ಎಂಜಿನ್ ಒಂದೇ ಏಟಿಗೆ ಎದ್ದಿತು. ಅದನ್ನು ಆರಿಸಿ ಮತ್ತೆ ತಿರುಗಿಸಿದರು, ಇನ್ನೊಮ್ಮೆ ಆರಿಸಿ ತಿರುಗಿಸಿದರು, ಯಾರೂ ಸಾಕೆನ್ನಲಿಲ್ಲ.

ಮೇಜಿನ ಮೇಲೀಗ ಆ ಸವೆದ ಸ್ಟಾರ್ಟರ್ ಇದೆ. "ದೋಷವಿಲ್ಲ" ಎಂದು ಬಾಯಿಪಾಠ ಮಾಡಿ ಬರುವವರಿಗೆ ಇನ್ನು ಕಷ್ಟಕಾಲ. ಅವರನ್ನು ಪರೀಕ್ಷಿಸಲು ಮೇಷ್ಟ್ರು ಆಗಾಗ ಬರುತ್ತಿರಲಿ, ಅವರ ಕೈಬೆರಳುಗಳ ಅರಿವು ಹಾಗೇ ಉಳಿಯಲಿ, ಆಯುಸ್ಸು ಅವರಂತೆಯೇ ನಿಧಾನವಾಗಿ ಸಾಗಲಿ. ದಾದಿ ಬಂದುಹೋದ ದಿನ ಸಂಜೆ ಅವರು ಎರಡು ಸಲ ಬಡಿಸಿಕೊಂಡು ಊಟ ಮಾಡಿದರೆಂದು ಮನೆಯವರು ಹೇಳಿದರು.