ಹಾಲಿನಮ್ಮ ತಂದ ಗೊಬ್ಬರ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಜೀವನ್ ಬಿಮಾ ನಗರದ ಬಾಡಿಗೆ ಮನೆಯೊಂದಕ್ಕೆ ಬಂದೆವು. ಹಿತ್ತಲಲ್ಲಿ ಎರಡು ಮಂಚ ಹಾಕುವಷ್ಟು ಜಾಗವಿತ್ತು. ಸಂಕ್ರಾಂತಿ ಕಳೆದ ಮೇಲೆ ಅಲ್ಲಿ ಬದನೆ, ಮೆಣಸಿನ ಗಿಡ ಹಾಕುವ ಆಸೆ ಹುಟ್ಟಿತು. ನಾನು ಬೆಳೆದದ್ದು ಶಿವಾಜಿನಗರದ ವಠಾರದಲ್ಲಿ. ತುಳಸಿ ಬಿಟ್ಟರೆ ಬೇರೆ ಗಿಡ ಸಾಕಿದವಳಲ್ಲ. ಗೊಬ್ಬರವೆಂದರೆ ಸಗಣಿ ಎಂದಷ್ಟೇ ಗೊತ್ತಿತ್ತು.

ದೊಮ್ಮಲೂರಿನಿಂದ ದಿನವೂ ಹಾಲು ತರುತ್ತಿದ್ದ ಹೆಂಗಸೊಬ್ಬರಿದ್ದರು. ಅರವತ್ತರ ಹತ್ತಿರದ ವಯಸ್ಸು. ಬೀದಿಯವರೆಲ್ಲ ಅವರನ್ನು ಹಾಲಿನಮ್ಮ ಎನ್ನುತ್ತಿದ್ದರು. ಒಂದು ಬಕೆಟ್ ಸಗಣಿ ಬೇಕೆಂದು ಕೇಳಿದೆ, ಮಾರನೇ ದಿನವೇ ತಂದುಕೊಟ್ಟರು. ಅದನ್ನು ಮಣ್ಣಿಗೆ ಕಲಸಿ ಆ ಸಂಜೆಯೇ ಸಸಿ ನೆಟ್ಟೆ. ವಾರದೊಳಗೆ ಎಲ್ಲವೂ ಹಳದಿಯಾಗಿ ಬಾಡಿದವು. ಬೇಸರವಾಗಿ ನಾನು ಹಿಂಬಾಗಿಲು ತೆಗೆಯುವುದನ್ನೇ ಬಿಟ್ಟೆ.

ಕೊನೆಗೆ ಹಾಲಿನಮ್ಮನಿಗೇ ತೋರಿಸಿದೆ. ಅವರು ಸತ್ತ ಸಸಿಯೊಂದನ್ನು ಕಿತ್ತು ಬೇರು ನೋಡಿದರು.

"ಹಸಿ ಸಗಣಿ ಹಾಕ್ಬಿಟ್ಟಿದೀಯಲ್ಲಮ್ಮ. ಅದು ಬಿಸಿ, ಬೇರು ಸುಟ್ಟೋಗ್ತದೆ. ಬಾಗ್ಲು ಸಾರ್ಸೋಕೆ ಕೇಳ್ತಿದೀಯ ಅಂದ್ಕೊಂಡೆ ನಾನು."

ನನಗೆ ನಗು ಬಂತು, ಅವರಿಗೂ.

ಆ ಭಾನುವಾರ ಅವರು ತಮ್ಮ ತಿಪ್ಪೆಯಲ್ಲಿ ಚೆನ್ನಾಗಿ ಕೊಳೆತಿದ್ದ ಗೊಬ್ಬರವನ್ನು ಎರಡು ಚೀಲ ತುಂಬಿಸಿ ಆಟೋದಲ್ಲಿ ತಂದರು, ಜೊತೆಗೆ ಮನೆಯ ಗುದ್ದಲಿ. ಗೊಬ್ಬರ ಕಪ್ಪಗೆ ಪುಡಿಪುಡಿಯಾಗಿತ್ತು, ಸಗಣಿಯ ವಾಸನೆಯೇ ಇರಲಿಲ್ಲ. ಮೊದಲು ಅಗೆಯಬೇಕು ಎಂದರು. ಅವರು ಅಗೆದಂತೆಲ್ಲ ನಾನು ಇಟ್ಟಿಗೆ ಚೂರು, ಗಾರೆಯ ಉಂಡೆ ಆರಿಸಿ ಬದಿಗೆ ಹಾಕಿದೆ. ಮೊಳದಷ್ಟು ಆಳ ಹೋದ ಮೇಲೆ ಕೆಂಪು ಮಣ್ಣು ಸಿಕ್ಕಿತು. ಹಾಲಿನಮ್ಮ ಗುದ್ದಲಿ ಕೆಳಗಿಟ್ಟು ಒಂದು ಹಿಡಿ ಎತ್ತಿಕೊಂಡು ಬೆರಳಲ್ಲಿ ಉದುರಿಸಿದರು. ಬಡಾವಣೆ ಆಗುವ ಮೊದಲು ಈ ಕಡೆ ಅವರ ಮಾವನ ರಾಗಿ ಹೊಲವಿತ್ತಂತೆ. ಇದೇ ಜಾಗವೋ ಪಕ್ಕದ ಬೀದಿಯೋ, ಈಗ ಗುರುತು ಸಿಗುವುದಿಲ್ಲ ಎಂದರು. ಮದುವೆಯಾಗಿ ಬಂದ ವರ್ಷ ಇಲ್ಲಿಗೆ ಕಳೆ ಕೀಳಲು ಬರುತ್ತಿದ್ದರಂತೆ.

ದಿನಾ ಈ ಬೀದಿಗೆ ಬರುವಾಗ ಬೇಜಾರಾಗುವುದಿಲ್ಲವೇ ಎಂದು ಕೇಳಿದೆ.

"ಆಗ ಆಗ್ತಿತ್ತು. ಈಗ ಯಾರೋ ಒಬ್ರು ಈ ಮಣ್ಣಲ್ಲಿ ಏನಾರ ಬೆಳೀಬೇಕು ಅಂತಿದೀರಲ್ಲ, ಅಷ್ಟು ಸಾಕು. ನೀರು ತಗೊಂಬಾ ಹೋಗು."

ಗೊಬ್ಬರ, ಒಲೆಯ ಬೂದಿ ಎರಡನ್ನೂ ಮಣ್ಣಿಗೆ ಬೆರೆಸಿ ನೀರು ಹಾಕಿದೆವು. ಎರಡು ವಾರ ಮುಟ್ಟಬೇಡ ಎಂದರು. ನಾನು ದಿನಾ ಹೋಗಿ ನೋಡುತ್ತಿದ್ದೆ, ಆದರೆ ಮುಟ್ಟಲಿಲ್ಲ. ಯುಗಾದಿಯ ಹಿಂದಿನ ದಿನ ಇಬ್ಬರೂ ಸೇರಿ ಹೊಸ ಸಸಿ ನೆಟ್ಟೆವು.

ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಬದನೆ ಕಾಯಿ ಬಿಟ್ಟವು. ಮೊದಲು ಕಿತ್ತದ್ದನ್ನು ದೊಮ್ಮಲೂರಿನ ಅವರ ಮನೆಗೆ ಒಯ್ದೆ. ಹಾಲಿನಮ್ಮ ಆಗಲೇ ಎಣ್ಣೆಗಾಯಿ ಮಾಡಲು ಕೂತರು, ಉಂಡೇ ಹೋಗಬೇಕೆಂದು ನನ್ನನ್ನೂ ಕೂರಿಸಿಕೊಂಡರು. ಹೆಚ್ಚುವಾಗ ಎರಡು ಕಾಯಲ್ಲಿ ಹುಳ ಸಿಕ್ಕಿತು. ನನ್ನ ಮುಖ ಸಣ್ಣದಾಯಿತು. ಅವರು ಹುಳದ ಭಾಗ ಕೊಯ್ದು ಹಸುವಿನ ಬಾನಿಗೆ ಎಸೆದು, ಮುಂದೆ ಹುಳ ಬೀಳದಂತೆ ಗಿಡದ ಬುಡಕ್ಕೆ ಬೇವಿನ ಹಿಂಡಿಯನ್ನು ಯಾವಾಗ, ಎಷ್ಟು ಹಾಕಬೇಕೆಂದು ಹೇಳಿಕೊಡಲು ಶುರುಮಾಡಿದರು.