ಅಟ್ಟ ಸೇರಿದ ಫೀಲಿಮ್

ಐರ್ಲೆಂಡಿನ ಕ್ಲೋನಿಸ್ ಊರಿನ ಸ್ಟುಡಿಯೋದಲ್ಲಿ ಫೋಟೋ ತಿದ್ದುತ್ತಿದ್ದ ಹೊನೋರಾಳನ್ನು ೧೯೨೧ರ ವಸಂತದಲ್ಲಿ ಪೊಲೀಸರು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಅವಳೇ ತಿದ್ದಿದ್ದ ಒಂದು ಮದುವೆಯ ಫೋಟೋ ಇತ್ತು. ಅದರಲ್ಲಿದ್ದ ಹುಡುಗರಲ್ಲಿ ಎಷ್ಟೋ ಮಂದಿ ಆಮೇಲೆ ಬ್ರಿಟಿಷರ ವಿರುದ್ಧದ ಬಂಡಾಯ ಸೇರಿದ್ದರು.

“ಇವನ್ಯಾರಮ್ಮ?” ಹೊಸದಾಗಿ ಬಂದಿದ್ದ ಸಾರ್ಜೆಂಟ್ ಒಂದು ಮುಖದ ಮೇಲೆ ಬೆರಳಿಟ್ಟ.

“ನನ್ ತಮ್ಮ ಫೀಲಿಮ್. ಬಾಸ್ಟನ್ಗೆ ಹೋಗಿ ವರ್ಷ ಆಯ್ತು ಸ್ವಾಮಿ. ಒಂದು ಕಾಗದಾನೂ ಹಾಕಿಲ್ಲ, ದರಿದ್ರದೋನು.”

ಸಾರ್ಜೆಂಟ್ ನಂಬಿದ. ಎಲ್ಲಿಗೂ ಹೋಗದೆ ಊರಲ್ಲೇ ಬಂಡಾಯಗಾರರ ಜೊತೆಗಿದ್ದ ಫೀಲಿಮ್ ಅಂದಿನಿಂದ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಹೊನೋರಾ ಅವನನ್ನು ಅಟ್ಟಕ್ಕೆ ಹತ್ತಿಸಿ, ಆಲೂಗಡ್ಡೆ, ಮಜ್ಜಿಗೆ ಅಲ್ಲಿಗೇ ಕೊಡತೊಡಗಿದಳು. ನೆರೆಯವರು ಬಂದು ಕೂತರೆ ಅವನು ಕೆಮ್ಮನ್ನೂ ನುಂಗಬೇಕಿತ್ತು.

“ಇದಕ್ಕಿಂತ ಜೈಲೇ ವಾಸಿ ಕಣಕ್ಕ.”

“ಅಲ್ಲಿ ನೇಣಿಗೆ ಹಾಕ್ತಾರೆ ಕಣೋ. ಬಾಯ್ಮುಚ್ಕೊಂಡು ತಿನ್ನು.”

ಬ್ರಿಟಿಷರೊಂದಿಗೆ ಒಪ್ಪಂದವಾಗಿ ಮುಂದಿನ ವರ್ಷ ಪೊಲೀಸರು ಊರು ಬಿಟ್ಟರು. ಫೀಲಿಮ್ ಕೆಳಗಿಳಿದು, ಗಡ್ಡ ಬೋಳಿಸಿಕೊಂಡು, ಪೇಟೆಗೆ ಹೊರಟ. ಪಬ್ಬಿನ ಬಾಗಿಲಲ್ಲಿ ಅವನ ಹಳೆಯ ಜೊತೆಗಾರರು ನಿಂತಿದ್ದರು. ಅವನು ಅಟ್ಟದಲ್ಲಿದ್ದಾಗ ಹೋರಾಟದಲ್ಲಿ ಗುಂಡೇಟು ತಿಂದು ಕುಂಟುತ್ತಿದ್ದ ಡೊನಲ್ ಟೋಪಿ ತೆಗೆದು ಬಗ್ಗಿದ.

“ಬನ್ನಿ ದೊರೆ! ಬಾಸ್ಟನ್ನಿಂದ ಯಾವಾಗ ಬಂದ್ರಿ?”

ಎಲ್ಲರೂ ನಕ್ಕರು. ಫೀಲಿಮ್ ಅಲ್ಲಿಂದಲೇ ತಿರುಗಿ ಮನೆಗೆ ಬಂದು, ಏಣಿ ಹತ್ತಿ ಮಲಗಿಬಿಟ್ಟ. ಈ ಸಲ ಅವನನ್ನು ಇಳಿಸುವುದು ಹೇಗೆಂದು ಹೊನೋರಾಳಿಗೆ ತಿಳಿಯಲಿಲ್ಲ.